ಕೊನೆಯ ಹದಿನಾರು ಪುಟಗಳು

ಹೋದ ತಿಂಗಳ ಎರಡನೇ ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ, ನಾನು ಹಾಸನದ ಕಟ್ಟಿನಕೆರೆ ಮಾರುಕಟ್ಟೆಯ ಹಿಂದಿನ ರಸ್ತೆಯಲ್ಲಿ ಒಂದು ಹಿಟ್ಟಿನ ಮಿಲ್ಲಿನ ಎದುರಿಗೆ ನಿಂತಿದ್ದೆ. ಕೊಡೆ ರಿಪೇರಿಗೆ ಕೊಟ್ಟು ಕಾಯುತ್ತಿದ್ದೆ. ಮಿಲ್ಲಿನವರು ಯಾರದೋ ರಾಗಿ ಸುರಿದರು. ಕಲ್ಲಿನಿಂದ ಇಳಿಯುವಾಗ ಹಿಟ್ಟು ಬಿಸಿಯಾಗಿರುತ್ತದೆ. ಆ ಬಿಸಿ ಹಿಟ್ಟಿಗೆ ಹುರಿದದ್ದೂ ಅಲ್ಲದ, ಹಸಿಯೂ ಅಲ್ಲದ ಒಂದು ವಾಸನೆ ಇರುತ್ತದೆ. ಅದು ರಸ್ತೆ ದಾಟಿ ನನ್ನವರೆಗೆ ಬಂತು. ನಾನು ಪಕ್ಕದ ಕಟ್ಟೆಯ ಮೇಲೆ ಕೂತುಬಿಟ್ಟೆ.

"ಯಾಕ್ ಸಾ, ತಲೆ ಸುತ್ತು ಬಂತಾ?" ಎಂದು ಕೊಡೆಯವನು ಕೇಳಿದ.

ತಲೆ ಸುತ್ತು ಬಂದಿರಲಿಲ್ಲ. ಹೊಳೆನರಸೀಪುರದ ಮಿಲ್ಲಿನಕ್ಕ ನೆನಪಾಗಿದ್ದಳು. ಆಕೆ ಹೋಗಿ ಒಂದು ವರ್ಷವಾಗುತ್ತ ಬಂದಿದೆ. ಸುದ್ದಿ ನನಗೆ ತಲುಪಿದ್ದು ಎಲ್ಲ ಕಾರ್ಯ ಮುಗಿದ ಮೇಲೆ. ಆಗ ಅಳು ಬರಲಿಲ್ಲ. ಇಷ್ಟು ತಿಂಗಳ ನಂತರ, ಯಾರದೋ ರಾಗಿಯ ವಾಸನೆಗೆ, ನಡುರಸ್ತೆಯಲ್ಲಿ ಅಳು ಬಂತು.

ಒಂದು ದಿನ ಅಕ್ಕನ ಮಿಲ್ಲು ಅರ್ಧದಲ್ಲಿ ನಿಂತಿತ್ತು. ಅದನ್ನು ಊರಿನಲ್ಲಿ ಈಗ ಎರಡು ಮೂರು ಥರ ಹೇಳುತ್ತಾರೆ. ಕರೆಂಟು ಹೋಗಿತ್ತು ಎನ್ನುವವರಿದ್ದಾರೆ, ಬೆಲ್ಟು ಕಿತ್ತಿತ್ತು ಎನ್ನುವವರಿದ್ದಾರೆ. ಎರಡೂ ಅಲ್ಲ. ನಾನು ಅಲ್ಲಿದ್ದೆ. ಕಂಡಷ್ಟನ್ನು ಕಂಡ ಕ್ರಮದಲ್ಲೇ ಬರೆಯುತ್ತೇನೆ.

ಮಿಲ್ಲು ಪೇಟೆಯಿಂದ ಹೊಳೆಯ ಕಡೆಗೆ ಇಳಿಯುವ ಓಣಿಯಲ್ಲಿತ್ತು. ನಮ್ಮ ಮನೆಯಿಂದ ನಾಲ್ಕನೇ ಬಾಗಿಲು. ಗಂಡ ತೀರಿಕೊಂಡ ಮೇಲೆ ಅಕ್ಕನೇ ಅದನ್ನು ನಡೆಸುತ್ತಿದ್ದಳು. ಆಗ ಆಕೆಗೆ ಐವತ್ತರ ಹತ್ತಿರ. ಬೆಳಿಗ್ಗೆ ಹಣೆಗೆ ವಿಭೂತಿ ಇಟ್ಟುಕೊಂಡು ಬಾಗಿಲು ತೆಗೆದರೆ, ಹತ್ತು ಗಂಟೆಯ ಹೊತ್ತಿಗೆ ವಿಭೂತಿ ಯಾವುದು, ಹಿಟ್ಟು ಯಾವುದು ಎಂದು ತಿಳಿಯುತ್ತಿರಲಿಲ್ಲ. ರೆಪ್ಪೆಯ ಮೇಲೂ ಹಿಟ್ಟು.

ಆಕೆಯ ಕೆಲಸಕ್ಕೆ ಒಂದು ಕ್ರಮವಿತ್ತು. ಮೊದಲು ಗೋಧಿ, ಆಮೇಲೆ ಅಕ್ಕಿ, ಕೊನೆಗೆ ರಾಗಿ. ರಾಗಿಗೆ ಹೊತ್ತು ಹಿಡಿಯುತ್ತಿತ್ತು. ಡಬ್ಬದ ರಾಗಿಯನ್ನು ಮೇಲಿನ ಬಾಯಿಗೆ ಸುರಿದು, ಹಿಟ್ಟು ಇಳಿಯುವ ಬಟ್ಟೆಯ ಚೀಲದ ಕೆಳಗೆ ಡಬ್ಬ ಇಟ್ಟು, ಸ್ಟೂಲಿನ ಮೇಲೆ ಕೂತು ಪುಸ್ತಕ ತೆಗೆಯುತ್ತಿದ್ದಳು. ಆ ಡಬ್ಬ ತುಂಬುವವರೆಗೆ ಓದು. ಒಂದು ಡಬ್ಬಕ್ಕೆ ಹೆಚ್ಚೆಂದರೆ ಅರ್ಧ ಪುಟ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬೆರಳು ಸಾಲಿನ ಕೆಳಗೆ ಹೋಗುತ್ತಿತ್ತು, ತುಟಿ ಅಲ್ಲಾಡುತ್ತಿತ್ತು. ಮಿಲ್ಲಿನ ಸದ್ದಿನಲ್ಲಿ ನಮಗೆ ಏನೂ ಕೇಳುತ್ತಿರಲಿಲ್ಲ. ಹಳೇ ಬೆಲ್ಟಿನ ಒಂದು ತುಂಡನ್ನು ಗುರುತಿಗೆ ಇಟ್ಟುಕೊಂಡಿದ್ದಳು. ಶನಿವಾರ ಮೆಣಸಿನಕಾಯಿ ಪುಡಿಯ ದಿನ, ಆವತ್ತು ಮಾತ್ರ ಪುಸ್ತಕ ಮುಟ್ಟುತ್ತಿರಲಿಲ್ಲ. "ಕಣ್ಣಾಗ್ ನೀರ್ ಬಂದ್ರೆ ಕತೆಗ್ ಬಂತೋ ಕಾರಕ್ ಬಂತೋ ಗೊತ್ತಾಗಾಕಿಲ್ಲ" ಎನ್ನುತ್ತಿದ್ದಳು.

ಒಮ್ಮೊಮ್ಮೆ ಒಂದೇ ಪುಟದಲ್ಲಿ ಮೂರು ದಿನ ಇರುತ್ತಿದ್ದಳು. ಅರ್ಥವಾಗಿಲ್ಲವೇನೋ ಎಂದು ನಾನು ಒಮ್ಮೆ ಸಹಾಯಕ್ಕೆ ಹೋದೆ.

"ಅರ್ತ ಆಗದೆ ಏನ್ಲಾ? ಚೆನ್ನಾಗೈತೆ. ಬುಟ್ಟು ಓಗಕ್ಕೆ ಮನಸಿಲ್ಲ. ನಂಗೇನ್ ರೈಲಿಗೆ ಒತ್ತಾಯ್ತಾ?"

ನಾನು ಆಗ ಬಿ.ಎ. ಮೂರನೇ ವರ್ಷದಲ್ಲಿದ್ದೆ. ನಮ್ಮ ಓಣಿಯಲ್ಲಿ ಬೇರೆ ಯಾರೂ ಕಾಲೇಜಿಗೆ ಹೋಗುತ್ತಿರಲಿಲ್ಲವಾದ್ದರಿಂದ ಅಕ್ಕ ನನ್ನನ್ನು ಹೆಸರು ಹಿಡಿದು ಕರೆಯದೆ ಬಿ.ಎ. ಎಂದೇ ಕರೆಯುತ್ತಿದ್ದಳು. ನನ್ನ ಹತ್ತಿರ ಒಂದು ನೋಟ್ ಪುಸ್ತಕವಿತ್ತು. ಓದಿ ಮುಗಿಸಿದ ಪುಸ್ತಕಗಳಿಗೆಲ್ಲ ಅದರಲ್ಲಿ ಕ್ರಮಸಂಖ್ಯೆ ಹಾಕುತ್ತಿದ್ದೆ. ವರ್ಷಕ್ಕೆ ನೂರು ದಾಟಿಸಬೇಕೆಂಬ ಹಟ. ರಾಗಿ ಡಬ್ಬ ಹೊತ್ತು ಮಿಲ್ಲಿಗೆ ಹೋದರೆ ಅಕ್ಕನ ಮೊದಲ ಮಾತು, "ಏನ್ಲಾ ಬಿ.ಎ., ಇವತ್ತೆಷ್ಟ್ ನುಂಗ್ದೆ?"

ಪುಸ್ತಕಗಳು ಬರುತ್ತಿದ್ದುದು ಪೇಟೆಯ ಒಂದು ಸಣ್ಣ ವಾಚನಾಲಯದಿಂದ. ಒಬ್ಬ ವರ್ತಕರು ತಮ್ಮ ತಾಯಿಯ ನೆನಪಿಗೆ ಮಾಡಿಸಿದ್ದು. ಅಂಥದೇ ಇನ್ನೊಂದನ್ನು ಅವರು ಅರಕಲಗೂಡಿನಲ್ಲೂ ಮಾಡಿಸಿದ್ದರು. ನಮ್ಮೂರಿನದನ್ನು ಶಿವಣ್ಣ ಎಂಬವರು ನೋಡಿಕೊಳ್ಳುತ್ತಿದ್ದರು. ಹದಿನೈದು ದಿನಕ್ಕೆ ಪುಸ್ತಕ ವಾಪಸು ಕೊಡಬೇಕು ಎಂಬುದು ನಿಯಮ. ಅಕ್ಕನ ವಿಷಯದಲ್ಲಿ ಶಿವಣ್ಣ ಹದಿನೈದು ದಿನಕ್ಕೊಮ್ಮೆ ತಾವೇ ಮಿಲ್ಲಿಗೆ ಬಂದು ಮತ್ತೆ ತಾರೀಖು ಒತ್ತಿ ಹೋಗುತ್ತಿದ್ದರು. ಪುಸ್ತಕದ ಹಿಂದಿನ ಸ್ಲಿಪ್ಪು ತುಂಬಿತು. ಅದಕ್ಕೆ ಇನ್ನೊಂದು ಕಾಗದ ಅಂಟಿಸಿದರು. ಅದೂ ತುಂಬಿತು. ಕೊನೆಗೆ ಪುಸ್ತಕಕ್ಕೆ ಬಾಲ ಬಂದ ಹಾಗೆ ಕಾಣುತ್ತಿತ್ತು.

ಆ ಪುಸ್ತಕ ನೀಲಿ ರಟ್ಟಿನ ಒಂದು ದೊಡ್ಡ ಕಾದಂಬರಿ. ಐನೂರ ತೊಂಬತ್ತೆರಡು ಪುಟ. ಇಬ್ಬರು ಅಕ್ಕತಂಗಿಯರ ಕತೆ. ದೊಡ್ಡವಳು ದೇವಕಿ, ಚಿಕ್ಕವಳು ಚಂದ್ರಿ. ದೇವಕಿ ಮದುವೆಯಾಗಿ ದೂರದ ಊರಿಗೆ ಹೋಗುತ್ತಾಳೆ. ಚಂದ್ರಿ ಬರೆದ ಕಾಗದಗಳನ್ನೆಲ್ಲ ಅತ್ತೆ ಬಚ್ಚಿಡುತ್ತಾಳೆ. ತಂಗಿ ತನ್ನನ್ನು ಮರೆತಳು ಎಂದು ದೇವಕಿ, ಅಕ್ಕ ಉತ್ತರವನ್ನೇ ಬರೆಯಲಿಲ್ಲ ಎಂದು ಚಂದ್ರಿ... ಹೀಗೆ ಹತ್ತೊಂಬತ್ತು ವರ್ಷ. ಅತ್ತೆ ಸತ್ತ ಮೇಲೆ ಆ ಕಾಗದಗಳ ಗಂಟು ಸಿಗುತ್ತದೆ. ದೇವಕಿ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಒಬ್ಬಳೇ ತವರಿಗೆ ನಡೆದು ಹೊರಡುತ್ತಾಳೆ.

ಅಕ್ಕ ತಾನು ಓದಿದ್ದನ್ನು ಮಿಲ್ಲಿಗೆ ಬಂದವರಿಗೆ ಹೇಳುತ್ತಿದ್ದಳು. ಒಂದು ಡಬ್ಬ ಮುಗಿದು ಇನ್ನೊಂದು ಸುರಿಯುವುದರೊಳಗೆ ನಾಲ್ಕು ಮಾತು, ಅಷ್ಟೇ. ಆದರೂ ಕಾಯುವ ಹೆಂಗಸರಿಗೆಲ್ಲ ಕತೆ ಗೊತ್ತಿತ್ತು. ಹಳ್ಳಿಮೈಸೂರು ಕಡೆಯಿಂದ ಬರುತ್ತಿದ್ದ ಒಬ್ಬರು ಡಬ್ಬ ಇಳಿಸುವ ಮೊದಲೇ "ಕಾಗ್ದ ಸಿಕ್ತಾ?" ಎಂದು ಕೇಳುತ್ತಿದ್ದುದನ್ನು ನಾನೇ ಕೇಳಿದ್ದೇನೆ. ಮಿಲ್ಲಿನ ಹಿಂದಿನ ಮನೆಯ ಸಾವಿತ್ರಮ್ಮನಂತೂ ರಾಗಿ ಇಲ್ಲದಿದ್ದರೂ ಬರುತ್ತಿದ್ದರು. ಅವರಿಗೆ ಓದು ಬರುತ್ತಿರಲಿಲ್ಲ. ದೇವಕಿಯ ಅತ್ತೆಯನ್ನು ಅವರಷ್ಟು ಬೈದವರು ಇನ್ನೊಬ್ಬರಿಲ್ಲ.

ನಾನು ಆ ಕಾದಂಬರಿಯನ್ನು ಅಕ್ಕನಿಗಿಂತ ಮೊದಲೇ ಓದಿದ್ದೆ, ಎರಡು ದಿನದಲ್ಲಿ. ಕಾಲೇಜಿನ ವಿಮರ್ಶೆ ಸ್ಪರ್ಧೆಗೆ ಅದರ ಮೇಲೆ ಬರೆದು ಮೊದಲ ಬಹುಮಾನವನ್ನೂ ಪಡೆದಿದ್ದೆ. ಒಂದು ಪ್ರಶಸ್ತಿಪತ್ರ, ಒಂದು ಸ್ಟೀಲಿನ ಟಿಫನ್ ಡಬ್ಬಿ. ಅದನ್ನು ಅಕ್ಕನಿಗೆ ಹೇಳಿರಲಿಲ್ಲ. ಹೇಳಿದರೆ ಕತೆಯ ಕೊನೆಯೂ ಬಾಯಿಂದ ಬಂದುಬಿಟ್ಟೀತು ಎಂದು ಸುಮ್ಮನಿದ್ದೆ.

ಅಕ್ಕ ಐನೂರ ಎಪ್ಪತ್ತೇಳನೇ ಪುಟಕ್ಕೆ ಬಂದಾಗ ಪುಸ್ತಕ ಹಿಡಿದು ಒಂದು ವರ್ಷ ಎಂಟು ತಿಂಗಳಾಗಿತ್ತು. ಅದೊಂದು ಬುಧವಾರ. ನಾನು ಓಣಿಯಲ್ಲಿ ಹೋಗುತ್ತಿದ್ದೆ. ಒಳಗಿನಿಂದ ಕೂಗಿದಳು.

"ಲೇ ಬಿ.ಎ., ಬಾ ಇಲ್ಲಿ. ಚಂದ್ರಿ ಮನೆ ಬಾವಿ ಮುಚ್ಚಾಕಿದ್ರು ಅಲ್ವಾ?"

ನನಗೆ ಯಾವ ಬಾವಿಯೂ ನೆನಪಿರಲಿಲ್ಲ.

"ಕೂಸು ಬಿದ್ದೋದ್ ಮ್ಯಾಲೆ ಮುಚ್ಚಾಕಿ, ಅದರ್ ಮ್ಯಾಲೆ ತುಳಸಿ ಕಟ್ಟೆ ಕಟ್ಸಿಲ್ವಾ? ಇನ್ನೂರಾ ಅನ್ನೆರಡ್ನೇ ಪುಟ. ಈಗ್ ನೋಡುದ್ರೆ ಯಾವಳೋ ಒಬ್ಳು ನಿಂತ್ಕಂಡು ನೀರ್ ಸೇದ್ತಾವ್ಳೆ. ಯಾರ್ಲಾ ಇವಳು?"

ನಾನು ಗಂಟಲು ಸರಿಮಾಡಿಕೊಂಡೆ. ಕಾದಂಬರಿಯ ಕೊನೆಯಲ್ಲಿ ಲೇಖಕರು ಹೀಗೆ ಹೊಸ ಪಾತ್ರಗಳನ್ನು ತರುವುದುಂಟು, ಹಳೆಯವರನ್ನು ದಾರಿಯಲ್ಲೇ ಬಿಡುವುದುಂಟು, ಅದೊಂದು ತಂತ್ರ ಎಂದೆ.

"ತಂತ್ರ್ವಾ? ಅಷ್ಟ್ ದೂರದಿಂದ ನಡ್ಕಂಡ್ ಬತ್ತಿರೋ ದೇವಕೀನ ಬೀದೀಲಿ ನಿಲ್ಸ್ಬುಟ್ಟು, ಗುರ್ತಿಲ್ದೋಳ್ ಕೈಲಿ ನೀರ್ ಸೇದ್ಸಾದು ಯಾವ್ ತಂತ್ರ್ವಲಾ? ಇದು ಆ ಮನೇನೇ ಅಲ್ಲ. ಆ ಮನೆ ಬಾಕ್ಲು ಬಡಗ್ಲಾಗೈತೆ, ಉತ್ತರ್ದ್ ಕಡೆ. ಇಲ್ಲಿ ಬೆಳಗಿನ್ ಬಿಸ್ಲು ನಡುಮನೆಗಂಟ ಬಂತು ಅಂತ ಬರ್ದವ್ರೆ. ಅದೆಂಗ್ ಬತ್ತದೆ?"

ಪುಸ್ತಕ ಕೈಗೆ ತೆಗೆದುಕೊಂಡೆ. ಐನೂರ ಎಪ್ಪತ್ತಾರನೇ ಪುಟ ಪೂರ್ಣವಿರಾಮದೊಂದಿಗೆ ಮುಗಿದಿತ್ತು. ಎಪ್ಪತ್ತೇಳು ಹೊಸ ಪ್ಯಾರಾದಿಂದ ಶುರುವಾಗಿತ್ತು. ಅಲ್ಲಿಂದ ಕೊನೆಯವರೆಗೆ ದೇವಕಿಯ ಹೆಸರಿಲ್ಲ, ಚಂದ್ರಿಯ ಹೆಸರಿಲ್ಲ. ಒಬ್ಬ ವಕೀಲ, ಒಂದು ಬಾವಿ, ಒಂದು ರೈಲು. ನನ್ನ ವಿಮರ್ಶೆಯಲ್ಲಿ ಬಹುಮಾನ ಕೊಟ್ಟವರು ಗೆರೆ ಎಳೆದು ಮೆಚ್ಚಿದ್ದ ವಾಕ್ಯ ಒಂದಿತ್ತು: "ಓದುಗನನ್ನು ನಡುದಾರಿಯಲ್ಲಿ ಕೈಬಿಡುವ ಈ ಧೈರ್ಯ ಅಪರೂಪದ್ದು." ಅದು ನೆನಪಾಗಿ ಎರಡೂ ಕಿವಿ ಬಿಸಿಯಾದವು.

ಶಿವಣ್ಣನವರನ್ನು ಕರೆತಂದೆ. ಅವರು ಪುಸ್ತಕ ತಿರುಗಿಸಿ ತಿರುಗಿಸಿ ನೋಡಿದರು. ಬಾಲದಂತಿದ್ದ ಸ್ಲಿಪ್ಪಿನ ಮೇಲ್ಭಾಗದಲ್ಲಿ ಅಕ್ಕನಿಗಿಂತ ಮೊದಲು ಒಯ್ದವರ ಸಹಿಗಳಿದ್ದವು.

"ಹನ್ನೊಂದ್ ಜನ ಓದವ್ರೆ ಕಣಪ್ಪ. ನನ್ನೂ ಸೇರುಸ್ಕಂಡ್ರೆ ಹನ್ನೆರಡು. ಒಬ್ರೂ ಬಾಯ್ ಬಿಟ್ಟಿಲ್ವಲ್ಲ!"

"ಓದಿದ್ರೆ ತಾನೆ ಬಾಯ್ ಬುಡಾದು," ಎಂದಳು ಅಕ್ಕ.

ಮಾರನೆಯ ದಿನವೇ ನಾನೂ ಶಿವಣ್ಣನೂ ಚನ್ನರಾಯಪಟ್ಟಣಕ್ಕೆ ಬಸ್ಸು ಹತ್ತಿದೆವು. ಎರಡೂ ವಾಚನಾಲಯಗಳ ಹಳೇ ಪುಸ್ತಕಗಳಿಗೆ ಹೊಸ ರಟ್ಟು ಹಾಕಿಕೊಟ್ಟವರು ಅಲ್ಲಿದ್ದರು. ಮನೆಯ ಮುಂಭಾಗದಲ್ಲೇ ಕೆಲಸ, ನೆಲದ ಮೇಲೆ ಮೈದಾ ಅಂಟಿನ ಬೋಗುಣಿ. ಅವರು ನಮ್ಮ ಮಾತು ಮುಗಿಯುವವರೆಗೂ ಕೇಳಲಿಲ್ಲ. ಪುಸ್ತಕದ ಬೆನ್ನಿನ ಮೇಲೆ ಹೆಬ್ಬೆರಳು ಆಡಿಸಿ, ಕೊನೆಯ ಹೊಲಿಗೆಯ ಹತ್ತಿರ ನಿಲ್ಲಿಸಿದರು.

"ನನ್ ಕೈ ತಪ್ಪು," ಎಂದರು.

ಅವರು ವಿವರಿಸಿದ್ದು ಹೀಗೆ. ಪುಸ್ತಕವನ್ನು ಬಿಚ್ಚಿದರೆ ಹದಿನಾರು ಹದಿನಾರು ಪುಟದ ಕಂತೆಗಳಾಗುತ್ತವೆ. ಹಳೇ ಪುಸ್ತಕದಲ್ಲಿ ಮೊದಲು ಹಾಳಾಗುವುದು ಕೊನೆಯ ಕಂತೆ. ಅದನ್ನು ಬೇರೆ ಮಾಡಿ, ಹರಿದ ಕಡೆ ತೆಳು ಕಾಗದ ಅಂಟಿಸಿ, ಒಣಗಲು ಹಾಕುತ್ತಾರೆ. ಆವತ್ತು ಒಂದೇ ಮುದ್ರಣಾಲಯದ ಎರಡು ಕಾದಂಬರಿಗಳಿದ್ದವು. ಒಂದೇ ಅಚ್ಚು, ಒಂದೇ ಕಾಗದ, ಎರಡಕ್ಕೂ ಐನೂರ ತೊಂಬತ್ತೆರಡೇ ಪುಟ. ಎರಡರ ಕೊನೆಯ ಕಂತೆಗಳೂ ಒಂದೇ ಹಲಗೆಯ ಮೇಲೆ ಪಕ್ಕಪಕ್ಕದಲ್ಲಿ ಒಣಗಿದವು. ತೆಗೆದು ಹೊಲಿಯುವಾಗ ಅದಲುಬದಲಾಯಿತು. ಶಿವಣ್ಣ ತಮ್ಮ ಪಟ್ಟಿ ತೆಗೆದು ನೋಡಿದರು. ಇನ್ನೊಂದು ಕಾದಂಬರಿ, ಕೆಂಪು ರಟ್ಟಿನದು, ಅರಕಲಗೂಡಿಗೆ ಹೋಗಿತ್ತು.

ನಮಗಾದ ಸಂತೋಷ ಹೇಳತೀರದು. ಶಿವಣ್ಣ ಪಕ್ಕದ ಅಂಗಡಿಯಿಂದ ಅರಕಲಗೂಡಿಗೆ ಫೋನು ಮಾಡಿದರು. ಆದರೆ ಆ ಕಡೆಯಿಂದ ಬಂದ ಉತ್ತರ ಬೇರೆಯೇ ಆಗಿತ್ತು. ಅಲ್ಲಿಯ ವಾಚನಾಲಯವನ್ನು ಮುಚ್ಚುತ್ತಿದ್ದರು. ಪುಸ್ತಕಗಳನ್ನೆಲ್ಲ ಹಗ್ಗ ಹಾಕಿ ಕಟ್ಟಿ ಆಗಿತ್ತು. ಶನಿವಾರ ಗುಜರಿಯವನು ಬರುತ್ತಾನೆ. ಆವತ್ತು ಗುರುವಾರ.

ಊರಿಗೆ ಬಂದು ಹೇಳಿದಾಗ ಅಕ್ಕ ನೀಲಿ ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡಳು. ಶಿವಣ್ಣ ಸಮಾಧಾನ ಮಾಡಲು ನೋಡಿದರು. ಪುಸ್ತಕ ಸಿಗದಿದ್ದರೂ ಚಿಂತೆಯಿಲ್ಲ, ಎಲ್ಲಾದರೂ ಓದಿದವರನ್ನು ಹುಡುಕಿ ಕೊನೆಗೆ ಏನಾಯಿತೆಂದು ಕೇಳಿ ತಿಳಿಸುತ್ತೇನೆ ಎಂದರು.

"ಯಾರೂ ಯೋಳ್ಬೇಡಿ!" ಎಂದಳು ಅಕ್ಕ. ನಾನು ಆಕೆಯ ದನಿ ಅಷ್ಟು ಏರಿದ್ದನ್ನು ಹಿಂದೆ ಕೇಳಿರಲಿಲ್ಲ. "ಇಲ್ಲಿಗಂಟ ನಾನೂ ಅವಳ್ ಜೊತೇಲೆ ನಡ್ಕಂಡ್ ಬಂದಿವ್ನಿ ಶಿವಣ್ಣ. ಈಗ ಯಾರೋ ಎತ್ಕಂಡೋಗಿ ಮನೆ ಮುಂದೆ ಇಳ್ಸಿದ್ರೆ, ನಡ್ದಿದ್ದೆಲ್ಲ ಏನಾಯ್ತು?"

ಆಮೇಲೆ ನನ್ನ ಕಡೆ ತಿರುಗಿದಳು. "ನೀನ್ ಓಗ್ ತತ್ತೀಯಾ? ತಂದ್ರೆ ನೀನೂ ಓದ್ಕೂಡ್ದು. ಓದುದ್ರೆ ನಿನ್ ಮೊಕ್ದಾಗೇ ಗೊತ್ತಾಯ್ತದೆ ನಂಗೆ."

ಶುಕ್ರವಾರ ಮೊದಲ ಬಸ್ಸಿಗೆ ಅರಕಲಗೂಡಿಗೆ ಹೋದೆ. ವಾಚನಾಲಯದ ಬೀಗದ ಕೈ ಇದ್ದ ಹೆಂಗಸು ಬಾಗಿಲು ತೆಗೆದು ತೋರಿಸಿದರು. ಗೋಡೆಯುದ್ದಕ್ಕೂ ಕಟ್ಟುಗಳು. ಒಂದೊಂದಾಗಿ ಬಿಚ್ಚಿದೆ, ನೋಡಿದೆ, ಮತ್ತೆ ಕಟ್ಟಿದೆ. ಹುರಿಹಗ್ಗಕ್ಕೆ ಬೆರಳ ತುದಿ ಸುಲಿಯಿತು. ಅವರು ಹೊಸ್ತಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತ ನನ್ನನ್ನೇ ನೋಡುತ್ತಿದ್ದರು.

"ಇಷ್ಟೊಂದು ಉಡುಕ್ತಿದ್ದೀಯಲ್ಲಪ್ಪ, ಪರೀಕ್ಷೆಗಾ?"

"ಅಲ್ಲಮ್ಮ. ನಮ್ಮೂರಲ್ಲಿ ಒಬ್ರಿಗೆ ಓದಕ್ಕೆ."

"ಬರೀ ಓದಕ್ಕಾ?" ಎಂದು ಅವರು ಅವರೆಕಾಯಿ ಬಿಡಿಸುವುದನ್ನೇ ನಿಲ್ಲಿಸಿದರು. ಆಮೇಲೆ ಎದ್ದು ಬಂದು ಇನ್ನೊಂದು ತುದಿಯಿಂದ ತಾವೂ ಕಟ್ಟು ಬಿಚ್ಚತೊಡಗಿದರು.

ಮೂವತ್ತೊಂದನೇ ಕಟ್ಟಿನಲ್ಲಿ ಸಿಕ್ಕಿತು. ಕೆಂಪು ರಟ್ಟು. ಸರಿಯಾದದ್ದೇ ಎಂದು ಖಚಿತ ಮಾಡಿಕೊಳ್ಳಬೇಕಿತ್ತು, ಆದರೆ ಓದುವಂತಿರಲಿಲ್ಲ. ಐನೂರ ಎಪ್ಪತ್ತೇಳನೇ ಪುಟ ತೆಗೆದು, ಅಂಗೈಯನ್ನು ಅಡ್ಡ ಇಟ್ಟು, ಒಂದೊಂದೇ ಬೆರಳು ಸರಿಸಿ ಒಂದು ಹೆಸರಿಗಾಗಿ ಮಾತ್ರ ಹುಡುಕಿದೆ. ಮೂರನೇ ಸಾಲಿನಲ್ಲಿ 'ಚಂದ್ರಿ' ಎಂದಿತ್ತು. ಪಟ್ಟನೆ ಮುಚ್ಚಿದೆ. ನೂರಾರು ಪುಸ್ತಕ ಓದಿ ಪಟ್ಟಿ ಮಾಡಿದ್ದ ನನಗೆ, ಒಂದು ಪುಟದ ಒಂದು ಹೆಸರು ಅಷ್ಟು ಸಂತೋಷ ಕೊಟ್ಟದ್ದು ಅದೇ ಮೊದಲು.

ವಾಪಸು ಬರುವ ಬಸ್ಸಿನಲ್ಲಿ ಪುಸ್ತಕವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ. ಪಕ್ಕದಲ್ಲಿ ಎಲೆಅಡಿಕೆ ಹಾಕಿಕೊಂಡಿದ್ದ ಒಬ್ಬ ಯಜಮಾನರು. ಕತೆ ಪುಸ್ತಕವೇ, ನೋಡಿಕೊಡುತ್ತೇನೆ ಎಂದು ಕೈಯಿಂದಲೇ ತೆಗೆದುಕೊಂಡರು. ತೆಗೆದುಕೊಂಡವರು ಹಿಂದಿನಿಂದ ಬಿಚ್ಚಿದರು.

"ನಾನ್ ಯಾವಾಗ್ಲೂ ಕೊ‌ನೇ ಪುಟ್ವೇ ಮೊದ್ಲು ನೋಡಾದು. ಚೆನ್ನಾಗಿದ್ರೆ ಆಮ್ಯಾಲೆ ಮಿಕ್ಕಿದ್ದು," ಎಂದು, ಬಸ್ಸಿಗೆಲ್ಲ ಕೇಳುವಂತೆ ಗಟ್ಟಿಯಾಗಿ, "ದೇವಕಿ ಒಸಲಿನ ಮುಂದೆ..." ಎಂದು ಓದತೊಡಗಿದರು.

"ಓದ್ಬೇಡಿ ಯಜಮಾನ್ರೇ!" ಎಂದು ಕೂಗಿ ಎರಡೂ ಕಿವಿಗೆ ಬೆರಳಿಟ್ಟುಕೊಂಡೆ.

ಕಂಡಕ್ಟರ್ ತಿರುಗಿ ನೋಡಿದ. "ಯಾಕ್ ಗುರುವೇ, ಅದ್ರಾಗೇನ್ ನಿನ್ ಜಾತಕ ಬರ್ದವ್ರಾ?"

ಬಸ್ಸಿನವರೆಲ್ಲ ನಕ್ಕರು. ನಾನು ಪುಸ್ತಕ ಕಿತ್ತುಕೊಂಡು, ಅದರ ಮೇಲೆ ಕೂತುಕೊಂಡು ಊರು ತಲುಪಿದೆ.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಪುಸ್ತಕಕ್ಕಿಂತ ಮೊದಲು ನನ್ನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. ಒಂದು ಕಣ್ಣು ನೋಡಿದಳು, ಇನ್ನೊಂದು ಕಣ್ಣು ನೋಡಿದಳು. "ಓದಿಲ್ಲ," ಎಂದು ಹೇಳಿ ಆಮೇಲೆ ಪುಸ್ತಕ ತೆಗೆದುಕೊಂಡಳು.

ಇಷ್ಟು ಕಾದವಳು ಆವತ್ತೇ ಕೂತು ಮುಗಿಸಿಬಿಡುತ್ತಾಳೆ ಎಂದುಕೊಂಡಿದ್ದೆ. ಆವತ್ತು ಆಕೆ ಓದಿದ್ದು ಒಂದೂವರೆ ಪುಟ. ಮಾರನೆಯ ದಿನ ಶನಿವಾರ, ಮೆಣಸಿನಕಾಯಿ. ಓದಲೇ ಇಲ್ಲ! ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಭಾನುವಾರ ಮಿಲ್ಲು ರಜ. ಸೋಮವಾರ ಮತ್ತೆ ಒಂದೂವರೆ ಪುಟ. ದೇವಕಿ ಹಳ್ಳ ದಾಟಿದಳು. ಮಂಗಳವಾರ ಒಂದು ಮರದ ಕೆಳಗೆ ಕೂತಳು. ಬುಧವಾರವೂ ಅಲ್ಲೇ ಕೂತಿದ್ದಳು. ಯಾಕೆಂದರೆ ಆ ಮರದ ಪುಟ ಅಕ್ಕನಿಗೆ ಇಷ್ಟವಾಗಿತ್ತು. ಮಿಲ್ಲಿನ ಮುಂದೆ ಡಬ್ಬಗಳ ಸಾಲು ದಿನದಿನಕ್ಕೆ ಉದ್ದವಾಯಿತು. ಮನೆಯಲ್ಲಿ ಹಿಟ್ಟು ಇದ್ದವರೂ ಅರ್ಧ ಸೇರು ರಾಗಿ ತಂದರು. ಸಾವಿತ್ರಮ್ಮ, "ಲೇ ಇವಳೇ, ಅವಳ್ನ ಎಬ್ಬುಸ್ ಮೊದ್ಲು, ಮಳೆ ಬಂದಾತು!" ಎಂದು ಬೈಯುತ್ತಿದ್ದರು. ಅಕ್ಕ ಬೆರಳು ಎತ್ತದೆ ನಗುತ್ತಿದ್ದಳು.

ಆ ದಿನಗಳಲ್ಲಿ ನಾನು ಇನ್ನೊಂದು ಕೆಲಸ ಮಾಡಿದೆ. ನೀಲಿ ಪುಸ್ತಕವನ್ನು ಅಕ್ಕನಿಂದ ತೆಗೆದುಕೊಂಡು ಮೊದಲ ಪುಟದಿಂದ ಓದತೊಡಗಿದೆ. ಪಟ್ಟಿಗಾಗಿ ಅಲ್ಲ. ಇನ್ನೂರ ಹನ್ನೆರಡನೇ ಪುಟದಲ್ಲಿ ಬಾವಿ ಮುಚ್ಚಿದರು. ತುಳಸಿ ಕಟ್ಟೆಗೆ ಯಾರು ಕಲ್ಲು ಹೊತ್ತರು, ಕೂಸಿನ ತಾಯಿ ಆವತ್ತು ಯಾವ ಕಡೆ ಮುಖ ಮಾಡಿ ಕೂತಿದ್ದಳು, ಎಲ್ಲ ಇತ್ತು. ಮೊದಲ ಸಲ ನಾನು ಆ ಮನೆಯೊಳಗೆ ಹೋಗಿಯೇ ಇರಲಿಲ್ಲ. ಬೀದಿಯಲ್ಲಿ ಓಡಿಹೋಗಿದ್ದೆ, ಅಷ್ಟೆ... ಒಂದು ಮಧ್ಯಾಹ್ನ ಆ ಒಂದೇ ಪುಟದೊಂದಿಗೆ ಕೂತಿದ್ದೆ. ಊಟಕ್ಕೆ ಕರೆದದ್ದು ಕೇಳಲಿಲ್ಲ ಎಂದು ಅಮ್ಮ ಬೈದರು.

ಈಗ ಆ ದಿನಕ್ಕೆ ಬರುತ್ತೇನೆ. ಪುಸ್ತಕ ತಂದ ಮೇಲಿನ ಎರಡನೇ ಗುರುವಾರ, ಹನ್ನೆರಡು ಗಂಟೆಗೆ ಇಪ್ಪತ್ತು ನಿಮಿಷವಿತ್ತು. ಮಿಲ್ಲಿನ ಗೋಡೆ ಗಡಿಯಾರ ನನ್ನ ಎದುರಿಗೇ ಇತ್ತು. ನಾನು ಹೊಸ್ತಿಲ ಒಳಗೆ, ಎಡಗಡೆ ತಕ್ಕಡಿಯ ಪಕ್ಕ ನಿಂತಿದ್ದೆ. ಸಾಲಿನಲ್ಲಿ ಏಳು ಜನ. ಶಿವಣ್ಣ ಸ್ಲಿಪ್ಪಿಗೆ ತಾರೀಖು ಒತ್ತಲು ಬಂದು ಬಾಗಿಲ ಹೊರಗೆ ನಿಂತಿದ್ದರು. ಸಾವಿತ್ರಮ್ಮನ ರಾಗಿ ಮಿಲ್ಲಿನ ಬಾಯಲ್ಲಿ ಅರ್ಧ ಇಳಿದಿತ್ತು.

ಕಲ್ಲಿನಲ್ಲಿ ಕಾಳು ಇರುವಾಗ ಮಿಲ್ಲು ನಿಲ್ಲಿಸಬಾರದು. ಕಲ್ಲು ಕಚ್ಚಿಕೊಳ್ಳುತ್ತದೆ, ಮತ್ತೆ ತಿರುಗಿಸಲು ಎಲ್ಲವನ್ನೂ ಬಿಚ್ಚಿ ಕೈಯಿಂದ ಕಾಳು ತೆಗೆಯಬೇಕು. ಅಕ್ಕ ಅದನ್ನು ಒಮ್ಮೆಯೂ ಮಾಡಿರಲಿಲ್ಲ. ಆವತ್ತು ಆಕೆ ಕೊನೆಯ ಪುಟ ತಿರುವಿದಳು. ಕಣ್ಣನ್ನು ಪುಸ್ತಕದಿಂದ ತೆಗೆಯದೆ ಬಲಗೈ ಹಿಂದಕ್ಕೆ ಚಾಚಿ ಸ್ವಿಚ್ಚು ಕೆಳಗೆಳೆದಳು.

ಕಲ್ಲು ಗುರುಗುಟ್ಟಿ ನಿಂತಿತು. ಓಣಿಯ ಕೆಳಗೆ ಯಾರೋ ಬಟ್ಟೆ ಒಗೆಯುವ ಸದ್ದು ಕೇಳಿಸಿತು. ಆಮೇಲೆ ಇನ್ನೊಂದು ಸದ್ದು. ಅಕ್ಕನ ದನಿ. ಆಕೆ ಓದುತ್ತಿದ್ದಳು, ಗಟ್ಟಿಯಾಗಿ. ತುಟಿ ಅಲ್ಲಾಡುವುದನ್ನು ಅಷ್ಟು ದಿನ ನೋಡಿದ್ದೆವು. ಮಿಲ್ಲಿನ ಸದ್ದಿನ ಅಡಿಯಲ್ಲಿ ಆಕೆ ಪ್ರತಿ ಪುಟವನ್ನೂ ಹೀಗೆ ದನಿ ತೆಗೆದೇ ಓದುತ್ತಿದ್ದಳು ಎಂಬುದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಂದೊಂದು ಅಕ್ಷರಕ್ಕೂ ನಿಂತು, ಪದ ಕೂಡಿಸಿ, ಮುಂದೆ ಹೋಗುತ್ತಿದ್ದಳು. ಯಾರೂ ಅಲುಗಾಡಲಿಲ್ಲ.

ದೇವಕಿ ತವರಿನ ಹೊಸ್ತಿಲ ಮುಂದೆ ನಿಂತಳು. ಒಳಗೆ ಚಂದ್ರಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ದೇವಕಿಗೆ ಮಾತು ಹೊರಡಲಿಲ್ಲ. ಚಂದ್ರಿ ತಲೆ ಎತ್ತದೆ ಹೇಳಿದಳು: "ಬಾಗಿಲು ಎಳೆದುಕೊಂಡು ಬಾರೇ, ಗಾಳಿ."

ಅಕ್ಕ ಪುಸ್ತಕ ಮುಚ್ಚಿದಳು.

"ಆಮ್ಯಾಲೆ?" ಎಂದರು ಸಾವಿತ್ರಮ್ಮ.

"ಅಷ್ಟೇಯ."

"ಬಯ್ಲಿಲ್ವಾ?"

"ಇಲ್ಲ."

"ಕಾಗ್ದ ಯಾಕ್ ಬರೀಲಿಲ್ಲ ಅಂತ ಕೇಳ್ಲಿಲ್ವಾ?"

"ಇಲ್ಲ ಕಣೇ! ಅತ್ತೊಂಬತ್ತ್ ವರ್ಸ ಆಗಿತ್ತು, ಬೆಳಿಗ್ಗೆ ನೀರಿಗೋಗಿ ಬಂದೋಳ್ಗೆ ಅನ್ನಂಗೆ ಅಂದ್ಲು ಕಣೇ!" ಎಂದು ಅಕ್ಕ ತೊಡೆ ತಟ್ಟಿಕೊಂಡಳು. ಸೀರೆಯಿಂದ ಹಿಟ್ಟು ಮೇಲೆದ್ದಿತು. ಆಕೆ ನಗುತ್ತಿದ್ದಳು. ಕಣ್ಣಿನಿಂದ ನೀರೂ ಇಳಿಯುತ್ತಿತ್ತು, ಕೆನ್ನೆಯ ಹಿಟ್ಟಿನಲ್ಲಿ ಎರಡು ದಾರಿ ಮಾಡಿಕೊಂಡು. ಆವತ್ತು ಶನಿವಾರ ಅಲ್ಲ.

ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ತಲೆ ಎತ್ತದೆ ಅವಳಿಗೆ ಹೇಗೆ ಗೊತ್ತಾಯಿತು ಎಂದು ಒಬ್ಬರು, ನಡಿಗೆಯ ಸಪ್ಪಳದಿಂದ ಎಂದು ಇನ್ನೊಬ್ಬರು, ಇಷ್ಟು ವರ್ಷದ ಮೇಲೆ ಸಪ್ಪಳ ಎಲ್ಲಿ ನೆನಪಿರುತ್ತದೆ ಎಂದು ಮತ್ತೊಬ್ಬರು. ಶಿವಣ್ಣ, ಅವಳು ದಿನಾಲೂ ಯಾರ ಸಪ್ಪಳ ಕೇಳಿದರೂ ಹಾಗೇ ಹೇಳುತ್ತಿದ್ದಳೇನೋ ಎಂದರು. ಕಚ್ಚಿಕೊಂಡ ಕಲ್ಲನ್ನು ಬಿಡಿಸಲು ಮುಕ್ಕಾಲು ಗಂಟೆ ಬೇಕಾಯಿತು. ಒಬ್ಬರೂ ಗೊಣಗಲಿಲ್ಲ.

ಎಲ್ಲರೂ ಹೋದ ಮೇಲೆ ನನ್ನ ಬಹುಮಾನದ ವಿಷಯ ಅಕ್ಕನಿಗೆ ಹೇಳಿದೆ. ಆ ವಾಕ್ಯವನ್ನೂ ಬಿಡದೆ ಹೇಳಿದೆ.

"ದಾರಿ ತಪ್ಪಿದ್ ಪುಟಕ್ಕೆ ಟಿಫನ್ ಡಬ್ಬಿ ತಕ್ಕಂಡ್ಯಾ!" ಎಂದು ಆಕೆ ಗೋಡೆ ಹಿಡಿದುಕೊಂಡು ನಕ್ಕಳು. ಎಷ್ಟು ನಕ್ಕಳೆಂದರೆ ನಾನೂ ನಕ್ಕೆ. ಆವತ್ತಿನಿಂದ ನನ್ನ ನೋಟ್ ಪುಸ್ತಕದ ಪಟ್ಟಿ ಮುಂದುವರಿಯಲಿಲ್ಲ. ಚನ್ನರಾಯಪಟ್ಟಣದವರು ಎರಡೂ ಪುಸ್ತಕಗಳನ್ನು ಬಿಚ್ಚಿ ಸರಿಯಾಗಿ ಹೊಲಿದುಕೊಟ್ಟರು.

ಮುಂದೆ ನನಗೆ ಹಾಸನದಲ್ಲಿ ಕೆಲಸವಾಯಿತು. ಊರಿಗೆ ಹೋದಾಗೆಲ್ಲ ಮಿಲ್ಲಿಗೆ ಹೋಗುತ್ತಿದ್ದೆ. ಆಮೇಲಾಮೇಲೆ ಹೋಗುವುದು ಕಡಿಮೆಯಾಯಿತು... ಹೋಗಬಹುದಿತ್ತು. ಇದ್ದದ್ದು ಒಂದು ಗಂಟೆಯ ದಾರಿ.

ಕೊಡೆ ರಿಪೇರಿಯ ಆ ಗುರುವಾರದ ನಂತರದ ಭಾನುವಾರ ಹೊಳೆನರಸೀಪುರಕ್ಕೆ ಹೋದೆ. ಮಿಲ್ಲಿನ ಬಾಗಿಲು ಹಾಕಿತ್ತು. ಶಿವಣ್ಣ ಈಗ ಕೆಲಸದಿಂದ ನಿವೃತ್ತರಾಗಿದ್ದಾರೆ. ಅವರ ಮನೆಯಲ್ಲಿ ಅಕ್ಕನ ಸ್ಲಿಪ್ಪುಗಳೆಲ್ಲ ಇದ್ದವು. ಇಪ್ಪತ್ತೈದು ವರ್ಷದಲ್ಲಿ ಆಕೆ ಓದಿದ್ದು ಹದಿನಾಲ್ಕು ಪುಸ್ತಕ. ಹದಿನೈದನೆಯದು ಅರ್ಧದಲ್ಲಿ ನಿಂತಿತ್ತು, ನೂರ ನಲವತ್ತಮೂರನೇ ಪುಟದಲ್ಲಿ. ಶಿವಣ್ಣ ಅದನ್ನು ವಾಪಸು ಬಂತೆಂದು ಬರೆದಿರಲಿಲ್ಲ. ಬರೆಯಲು ಕೈ ಬರಲಿಲ್ಲ ಎಂದರು. ಆ ಪುಟ ತೆಗೆದೆ. ಅದರ ಮಡಿಕೆಯಲ್ಲಿ ಹಿಟ್ಟು ಇತ್ತು. ಮುಂದಿನ ಪುಟದಲ್ಲಿ ಇರಲಿಲ್ಲ. ಅಲ್ಲಿಂದ ಕೊನೆಯವರೆಗೆ ಎಲ್ಲ ಪುಟವೂ ಶುಭ್ರವಾಗಿತ್ತು. ಅದನ್ನು ನೋಡುವುದು ಕಷ್ಟವಾಯಿತು.

ಆ ಪುಸ್ತಕ ಹಿಡಿದುಕೊಂಡೇ ಓಣಿಗೆ ಬಂದೆ. ಸಾವಿತ್ರಮ್ಮ ಜಗಲಿಯ ಮೇಲೆ ಕೂತಿದ್ದರು. ನನ್ನ ಕೈಯ ಪುಸ್ತಕವನ್ನು ನೋಡಿದ ಮೇಲೆ ನನ್ನ ಗುರುತು ಹಿಡಿದರು.

"ನೀನ್ ಬಿ.ಎ. ಅಲ್ವಾ? ಅವಳು ಅರ್ದಕ್ಕೇ ಬುಟ್ಟೋದ್ಲು ನೋಡಪ್ಪ. ಆ ಮೇಷ್ಟ್ರು ಬಸ್ ಇಳಿದ, ಅಲ್ಲಿಗಂಟ ಯೋಳಿದ್ಲು. ಒಂದ್ ವರ್ಸದಿಂದ ಆ ಮನ್ಸ ಬಸ್ಟಾಂಡ್ನಾಗೇ ನಿಂತವ್ನೆ. ಓದು."

ನಾನು ಜಗಲಿಯ ಮೇಲೆ ಕೂತು ಗಟ್ಟಿಯಾಗಿ ಓದತೊಡಗಿದೆ. ಜೊತೆಗೆ ಬಂದಿದ್ದ ಶಿವಣ್ಣ ಕಂಬಕ್ಕೆ ಒರಗಿ ಕೂತರು. ನಾಲ್ಕು ಸಾಲು ಆಗಿರಲಿಲ್ಲ, ಸಾವಿತ್ರಮ್ಮ ನನ್ನ ಮಂಡಿಯ ಮೇಲೆ ಹೊಡೆದರು.

"ತಡಿ, ತಡಿ. ಏನ್ ಅಂಗ್ ಓಡ್ತೀಯ? ಮೇಷ್ಟ್ರು ಬಸ್ ಇಳಿವಾಗ ಬ್ಯಾಗ್ ತಕ್ಕಂಡ್ನಾ, ಬುಟ್ಬುಟ್ನಾ? ಮೊದ್ಲಿಂದ ಓದು."

ಮೊದಲಿಂದ ಓದಿದೆ. ಬ್ಯಾಗು ತೆಗೆದುಕೊಂಡಿದ್ದ. ಅದಾದ ಮೇಲೆ ಎರಡು ಭಾನುವಾರ ಹೋಗಿ ಬಂದಿದ್ದೇನೆ. ಆವತ್ತು ಮಿಲ್ಲು ನಿಂತಾಗ ಅಲ್ಲಿದ್ದವರಲ್ಲಿ ಈಗ ಉಳಿದಿರುವವರು ಸಾವಿತ್ರಮ್ಮ, ಶಿವಣ್ಣ ಮತ್ತು ನಾನು. ಮೂವರೂ ನೂರ ನಲವತ್ತಾರನೇ ಪುಟದಲ್ಲಿದ್ದೇವೆ.